ಶಿಲಾಫಲಕವಿಲ್ಲದ ಸೇವೆ



ಕಳೆದ ವಾರ ಹಳೆಯ ಟ್ರಂಕನ್ನು ತೆರೆದು ಕಾಗದಪತ್ರಗಳನ್ನು ಅಚ್ಚುಕಟ್ಟು ಮಾಡುತ್ತಿದ್ದಾಗ ಮಡಿಸಿಟ್ಟ ನಮೂನೆಯೊಂದು ಕೈಗೆ ಬಂತು. 2000ನೆಯ ಇಸವಿಯದು. ಹಲಸೂರಿನಲ್ಲಿದ್ದ ನಮ್ಮ ಮಾವನವರ ಮನೆಯ ಆಸ್ತಿ ತೆರಿಗೆಯ ಲೆಕ್ಕ, ಅವರದೇ ದುಂಡಗಿನ ಅಕ್ಷರಗಳಲ್ಲಿ. ಟೇಪಿನ ಒಂದು ತುದಿಯನ್ನು ಅವರು, ಇನ್ನೊಂದು ತುದಿಯನ್ನು ನಾನು ಹಿಡಿದು ನಡುಮನೆ, ಅಡುಗೆಮನೆ, ಜಗಲಿಗಳನ್ನು ಅಳೆದಿದ್ದೆವು. "ನನ್ನ ಮನೆಯ ತೆರಿಗೆಯನ್ನು ನಾನೇ ಕಟ್ಟಿಕೊಳ್ಳುವಂತಾಯಿತಲ್ಲ! ಸರ್ಕಾರ ನನ್ನನ್ನು ನಂಬಿತು ಎಂದಾಯಿತು" ಎಂದು ಅವರು ಅಂದು ನಕ್ಕಿದ್ದರು. ಆ ನಂಬಿಕೆಯ ಹಿಂದಿದ್ದ ಒಂದು ಪ್ರಯತ್ನವನ್ನೂ ಅದರ ಮುಂದಾಳನ್ನೂ ಕುರಿತು ಇಂದು ಬರೆಯಬೇಕೆನಿಸಿತು.

ದಂಡು ಪ್ರದೇಶದ ನಮಗೆ ಉದಾರಿಗಳಾದ ವರ್ತಕರು ಹೊಸಬರಲ್ಲ. ಹಲಸೂರು ಕೆರೆಯ ಬದಿಯಲ್ಲಿ ಓಡಾಡಿದವರೆಲ್ಲ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳ ಹೆಸರನ್ನು ಬಲ್ಲರು. ಅಠಾರ ಕಚೇರಿಯ ಕಟ್ಟಡದ ಗುತ್ತಿಗೆದಾರರಾಗಿದ್ದ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ತೆರೆದ ಶಾಲೆಯೇ ಅವುಗಳ ಮೂಲ. ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿದರೆ ಕಾಣುವ ವಿಶಾಲವಾದ ಕೆರೆ ವೀಳ್ಯದೆಲೆಯ ವ್ಯಾಪಾರಿ ಎಲೆ ಮಲ್ಲಪ್ಪ ಶೆಟ್ಟರ ಹೆಸರನ್ನು ಇಂದಿಗೂ ಹೊತ್ತಿದೆ. ಇವರು ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆದರೆ ನಾನು ಹೇಳಹೊರಟಿರುವ ಸೇವೆ ಬೇರೆ ಬಗೆಯದು. ಅದು ಕಲ್ಲಿನಲ್ಲಿಲ್ಲ, ನೀರಿನಲ್ಲಿಲ್ಲ. ಕಾಗದದ ಒಂದು ನಮೂನೆಯಲ್ಲಿದೆ, ಲೆಕ್ಕದ ಒಂದು ಪದ್ಧತಿಯಲ್ಲಿದೆ.

ನಂದನ್ ನಿಲೇಕಣಿಯವರು ಹುಟ್ಟಿದ್ದು 1955ರ ಜೂನ್ 2ರಂದು, ಬೆಂಗಳೂರಿನಲ್ಲಿ. ತಂದೆ ಮೋಹನರಾಯರು ಜವಳಿ ಗಿರಣಿಯ ವ್ಯವಸ್ಥಾಪಕರು, ತಾಯಿ ದುರ್ಗಾ. ಬಾಲಕ ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆಯ ಉದ್ಯೋಗದ ಅನಿಶ್ಚಿತತೆಯಿಂದಾಗಿ ಹನ್ನೆರಡನೆಯ ವಯಸ್ಸಿನಲ್ಲಿ ಧಾರವಾಡದ ಚಿಕ್ಕಪ್ಪನ ಮನೆ ಸೇರಬೇಕಾಯಿತು. ಸಂತ ಜೋಸೆಫರ ಶಾಲೆ, ಕರ್ನಾಟಕ ಕಾಲೇಜುಗಳನ್ನು ದಾಟಿ ಮುಂಬಯಿಯ ಐಐಟಿಗೆ ಹೋಗಿ, 1978ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಅದೇ ವರ್ಷ ಪಾಟ್ನಿ ಕಂಪ್ಯೂಟರ್ಸ್ ಕಂಪನಿಗೆ ಸೇರುವಾಗ ಅವರನ್ನು ಸಂದರ್ಶಿಸಿದವರು ನಾರಾಯಣಮೂರ್ತಿ. 1981ರಲ್ಲಿ ಆ ಏಳು ಮಂದಿ ಕೂಡಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಇನ್ಫೋಸಿಸ್ ಕಟ್ಟಿದ ಕಥೆ ನಿಮಗೆಲ್ಲ ತಿಳಿದದ್ದೇ. ನಿಮ್ಮಲ್ಲಿ ಕೆಲವರಿಗೆ ಅನ್ನ ಕೊಟ್ಟ ಕಥೆಯೂ ಹೌದು. 2002ರಿಂದ 2007ರವರೆಗೆ ನಂದನ್ ಆ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರಾಗಿದ್ದರು.

ನಾನು ಹೇಳಬೇಕಾದದ್ದು ಅದಕ್ಕಿಂತ ಸ್ವಲ್ಪ ಹಿಂದಿನ ಸಂಗತಿ. 1999ರಲ್ಲಿ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾದರು. ನಗರವು ಬೆಳೆಯುತ್ತಿತ್ತು, ನಗರವನ್ನು ನಡೆಸುವ ಯಂತ್ರ ಬೆಳೆದಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಸರ್ಕಾರವು ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಕಾರ್ಯಪಡೆಯನ್ನು ರಚಿಸಿ, ನಂದನ್ ಅವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿತು. ಬ್ಯಾಂಕಿನ ಉನ್ನತ ಉದ್ಯೋಗ ಬಿಟ್ಟು ಬಂದಿದ್ದ ರಮೇಶ್ ರಾಮನಾಥನ್, ಉದ್ಯಮಿ ವಿ. ರವಿಚಂದರ್, ಕಲ್ಪನಾ ಕರ್ ಮೊದಲಾದವರು ಅದರಲ್ಲಿ ದುಡಿದರು. ವೆಚ್ಚದ ಬಹುಭಾಗವನ್ನು ನಿಲೇಕಣಿ ದಂಪತಿಗಳ ಟ್ರಸ್ಟೇ ಭರಿಸಿತು.

ಈ ಕಾರ್ಯಪಡೆ ಮಾಡಿದ್ದೇನು? ಮೊದಲನೆಯದು, ನಾನು ಮೇಲೆ ಹೇಳಿದ ತೆರಿಗೆ. ಅದುವರೆಗೆ ಮನೆಯ ವಾರ್ಷಿಕ ಬಾಡಿಗೆಯ ಮೌಲ್ಯ ಇಷ್ಟೆಂದು ಅಧಿಕಾರಿಯೊಬ್ಬರು ಅಂದಾಜು ಮಾಡಬೇಕಿತ್ತು. ಒಂದೇ ಬೀದಿಯ ಎರಡು ಸಮಾನ ಮನೆಗಳಿಗೆ ಅಸಮಾನ ತೆರಿಗೆ ಬೀಳಲು ಅಷ್ಟೇ ಸಾಕು. ಮಹಾನಗರ ಪಾಲಿಕೆ 2000ದಲ್ಲಿ ತಂದ ಸ್ವಯಂ ನಿರ್ಧಾರ ಪದ್ಧತಿಯಲ್ಲಿ ಮನೆಯ ವಿಸ್ತೀರ್ಣ, ಅದಿರುವ ವಲಯ, ಕಟ್ಟಡದ ಬಗೆ, ವಯಸ್ಸು, ಸ್ವಂತ ವಾಸವೋ ಬಾಡಿಗೆಯೋ ಎಂಬ ವಿವರಗಳನ್ನು ಹಾಕಿ ಮಾಲೀಕನೇ ಲೆಕ್ಕ ಮಾಡಬಹುದಾಯಿತು. ಎರಡನೆಯದು, ಪಾಲಿಕೆಯ ಲೆಕ್ಕಪತ್ರಗಳ ಸುಧಾರಣೆ. ಬಂದ ಹಣ ಹೋದ ಹಣಗಳನ್ನು ಬರೆದಿಡುವ ಹಳೆಯ ಕ್ರಮದ ಬದಲು, ಆಸ್ತಿಯೆಷ್ಟು ಸಾಲವೆಷ್ಟು ಎಂದು ತೋರಿಸಬಲ್ಲ ಜೋಡಿ ನಮೂದಿನ ಪದ್ಧತಿ ಬಂತು. ಮನೆಮನೆಯಿಂದ ಕಸ ಸಂಗ್ರಹಿಸುವ 'ಸ್ವಚ್ಛ ಬೆಂಗಳೂರು', ಸಾರ್ವಜನಿಕ ಶೌಚಾಲಯಗಳ 'ನಿರ್ಮಲ ಬೆಂಗಳೂರು' ಯೋಜನೆಗಳೂ ಆಗಿನವೇ.

ಆದರೆ ಪೌರನೀತಿಯ ಮೇಷ್ಟರಾದ ನನ್ನನ್ನು ಬೆರಗುಗೊಳಿಸಿದ್ದು ಇವಾವುವೂ ಅಲ್ಲ. ಅವರು ನಡೆಸಿದ ಸಾರ್ವಜನಿಕ ಶೃಂಗಸಭೆಗಳು. ಪಾಲಿಕೆ, ಬಿಡಿಎ, ಜಲಮಂಡಳಿ, ವಿದ್ಯುತ್, ಸಾರಿಗೆ, ದೂರವಾಣಿ, ಪೊಲೀಸ್ ಎಂಬ ಏಳು ಇಲಾಖೆಗಳ ಮುಖ್ಯಸ್ಥರು ಮುಖ್ಯಮಂತ್ರಿಗಳ ಸಮ್ಮುಖದಲ್ಲಿ, ನಾಗರಿಕರ ಎದುರಿನಲ್ಲಿ ವೇದಿಕೆಯೇರಿ, ಕಳೆದ ಸಲ ಕೊಟ್ಟ ಮಾತೇನು, ಮಾಡಿದ್ದೇನು, ಮುಂದೆ ಮಾಡುವುದೇನು ಎಂದು ಒಪ್ಪಿಸುತ್ತಿದ್ದರು. ಕಂಪನಿಯ ಷೇರುದಾರರ ಸಭೆಯ ಕ್ರಮ ಅದು. ಊರಿನ ಷೇರುದಾರರು ನಾವೇ ಎಂಬ ಭಾವನೆ ಅದರಿಂದ ಹುಟ್ಟಿತು. ಹಿಂದೊಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ, "ಸಾರ್, ಕಡ್ಡಾಯ ಕರ್ತವ್ಯಗಳನ್ನು ಪಾಲಿಕೆ ಮಾಡದಿದ್ದರೆ ಯಾರನ್ನು ಕೇಳಬೇಕು?" ಎಂದಿದ್ದ. ನಾನು ಪುಸ್ತಕದಲ್ಲಿದ್ದುದನ್ನು ಹೇಳಿ ಕೂರಿಸಿದ್ದೆ. ಶೃಂಗಸಭೆಯ ವರದಿಗಳನ್ನು ಪತ್ರಿಕೆಯಲ್ಲಿ ಓದಿದಾಗ ಆ ಹುಡುಗನ ನೆನಪಾಗುತ್ತಿತ್ತು.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕಾದದ್ದು ಮೇಷ್ಟರ ಧರ್ಮ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು ನಗರಸಭೆಗಳಿಗೆ ಸಂವಿಧಾನದ ಮಾನ್ಯತೆಯನ್ನೇ ಕೊಟ್ಟಿತ್ತು. ಚುನಾಯಿತ ಸದಸ್ಯರೂ ಮೇಯರರೂ ಇರುವಾಗ, ಜನರಿಂದ ಮತ ಪಡೆಯದ ಸಿರಿವಂತ ಗಣ್ಯರ ಒಂದು ಕೂಟವು ಊರಿನ ದಾರಿಯನ್ನು ಹೇಗೆ ನಿರ್ಧರಿಸಬಹುದು ಎಂದು ಅಂದೇ ಹಲವರು ಕೇಳಿದರು. ಕೊಳೆಗೇರಿಯವನ ದನಿ ಆ ಸಭಾಂಗಣವನ್ನು ಮುಟ್ಟಿತೆ ಎಂದೂ ಕೇಳಿದರು. ಆ ಪ್ರಶ್ನೆಗಳು ಅಸೂಯೆಯಿಂದ ಹುಟ್ಟಿದವಲ್ಲ, ನ್ಯಾಯವಾದವು. ಸರ್ಕಾರಿ ಆಜ್ಞೆಯಿಂದ ಹುಟ್ಟಿದ್ದು ಸರ್ಕಾರದೊಂದಿಗೇ ಹೋಗುತ್ತದೆ. 2004ರಲ್ಲಿ ಕೃಷ್ಣ ಅವರ ಸರ್ಕಾರ ಹೋಯಿತು, ಕಾರ್ಯಪಡೆಯೂ ಮುಗಿಯಿತು. 2008ರಲ್ಲಿ ಬೇರೊಂದು ಸರ್ಕಾರ 'ಅಬೈಡ್' ಎಂಬ ಬೇರೊಂದು ಪಡೆಯನ್ನು ಕಟ್ಟಿತು; ಅದೂ ಉಳಿಯಲಿಲ್ಲ.

ನಂದನ್ ಅವರ ಸಾರ್ವಜನಿಕ ಬದುಕು ಅಲ್ಲಿಗೆ ನಿಲ್ಲಲಿಲ್ಲ. 2009ರಲ್ಲಿ ಇನ್ಫೋಸಿಸ್ ಬಿಟ್ಟು ವಿಶಿಷ್ಟ ಗುರುತಿನ ಪ್ರಾಧಿಕಾರದ ಅಧ್ಯಕ್ಷರಾದರು. ಮೊದಲ ಆಧಾರ್ ಸಂಖ್ಯೆ 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭ್ಲಿ ಎಂಬ ಹಳ್ಳಿಯಲ್ಲಿ ವಿತರಣೆಯಾಯಿತು. ಅದನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಿಂದಲೇ ಖಾಸಗಿತನವು ಮೂಲಭೂತ ಹಕ್ಕೆಂಬ 2017ರ ತೀರ್ಪು ಬಂತು. 2018ರಲ್ಲಿ ನ್ಯಾಯಾಲಯವು ಆಧಾರ್ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ದಾರಿ ಮಾಡಿದ್ದ ವಿಧಿಯನ್ನು ತೊಡೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಕಟ್ಟಿದವನೂ ಪೌರ, ಕಟ್ಟಿದ್ದಕ್ಕೆ ಮೇರೆ ಹಾಕೆಂದು ಕೇಳಿದವನೂ ಪೌರ. ಇಬ್ಬರನ್ನೂ ಒಂದೇ ಪಾಠದಲ್ಲಿ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ.

2014ರಲ್ಲಿ ನಂದನ್ ಅವರು ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ, ಅನಂತಕುಮಾರ್ ಅವರೆದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಆಗ ಜಯನಗರದಲ್ಲಿದ್ದ ನಿಮ್ಮಲ್ಲೊಬ್ಬರು ನನ್ನನ್ನು ಕೇಳಿದ್ದುಂಟು: "ಊರಿಗೆ ಇಷ್ಟು ಮಾಡಿದವರನ್ನು ಊರೇ ಸೋಲಿಸಿತಲ್ಲ ಸಾರ್?" ಚುನಾವಣೆ ಕೃತಜ್ಞತೆಯ ಸಭೆಯಲ್ಲಪ್ಪ ಎಂದಷ್ಟೇ ಹೇಳಿದ್ದೆ. ಇಂದು ಇನ್ನೊಂದು ಮಾತು ಸೇರಿಸುತ್ತೇನೆ. ಮತ ಕೇಳದೆ ಮಾಡಿದ ಸೇವೆಗೆ ಮತದ ಬೇರು ಇರುವುದಿಲ್ಲ. ಸೋತ ಮೇಲೂ ಅವರು ಮನೆ ಸೇರಲಿಲ್ಲ ಎಂಬುದು ದೊಡ್ಡದು. ದಂಪತಿಗಳು ಮಕ್ಕಳ ಕಲಿಕೆಗಾಗಿ ಏಕ್‌ಸ್ಟೆಪ್ ಪ್ರತಿಷ್ಠಾನವನ್ನು ಕಟ್ಟಿದರು. 2017ರಲ್ಲಿ ಸಂಪತ್ತಿನ ಅರ್ಧದಷ್ಟನ್ನು ದಾನ ಮಾಡುವ ಪ್ರತಿಜ್ಞೆ ಕೈಗೊಂಡರು. 2023ರಲ್ಲಿ ನಂದನ್ ತಾವು ಓದಿದ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು.

ಈಗ ಟ್ರಂಕಿನ ನಮೂನೆಗೆ ಮರಳುತ್ತೇನೆ. 2008ರಲ್ಲಿ ತೆರಿಗೆಯ ಸೂತ್ರ ಬದಲಾಯಿತು. ಆದರೆ ಮಾಲೀಕನೇ ಲೆಕ್ಕ ಹಾಕುವ ತತ್ತ್ವ ಉಳಿಯಿತು. ಅದು ಉಳಿಯಲು ಕಾರಣ, ಪ್ರತಿವರ್ಷವೂ ಲಕ್ಷಾಂತರ ಮನೆಗಳವರು ಅದನ್ನು ತಮ್ಮ ಕೈಯಿಂದ ಮಾಡಿದ್ದು. ಶೃಂಗಸಭೆ ಅಳಿಯಿತು. ಅದನ್ನು ನಡೆಸುತ್ತಿದ್ದವರು ಬೇರೆ, ನಾವು ನೋಡುತ್ತಿದ್ದವರು ಮಾತ್ರ. 2004ರಲ್ಲಿ ಅದು ನಿಂತಾಗ, ಮುಂದುವರಿಸಿ ಎಂದು ಯಾರಾದರೂ ಬೀದಿಗಿಳಿದದ್ದನ್ನು ನಾನು ಕಾಣಲಿಲ್ಲ. ವರ್ಷಗಟ್ಟಲೆ ಪೌರನೀತಿ ಬೋಧಿಸಿದ ನಾನು ಪತ್ರಿಕೆಯ ವಾಚಕರ ವಾಣಿಗೆ ಒಂದು ಕಾರ್ಡನ್ನೂ ಬರೆಯಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಉತ್ತರಪತ್ರಿಕೆಗಳಿದ್ದವು ಎಂದು ನೆವ ಹೇಳಿಕೊಂಡೆ. ಇಪ್ಪತ್ತು ವರ್ಷಗಳ ಮೇಲೂ ಅದು ನನ್ನನ್ನು ಕುಟುಕುತ್ತದೆ.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆ ಪಾಲಿಕೆಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಆ ಐದು ವರ್ಷಗಳಲ್ಲಿಯೂ ನಾವೆಷ್ಟು ಮಂದಿ ಕೇಳಿದೆವು?

ಮೊದಲಿಯಾರರ ಶಾಲೆಗೆ ಗೋಡೆಗಳಿವೆ, ಮಲ್ಲಪ್ಪ ಶೆಟ್ಟರ ಕೆರೆಗೆ ಏರಿಯಿದೆ. ಪದ್ಧತಿಯೆಂಬುದಕ್ಕೆ ಗೋಡೆಯೂ ಇಲ್ಲ, ಏರಿಯೂ ಇಲ್ಲ. ಅದನ್ನು ನಡೆಸಿಕೊಂಡು ಹೋಗುವ ಜನರೇ ಅದಕ್ಕೆ ಏರಿ. ನೀವು ಈಗ ದೊಡ್ಡ ದೊಡ್ಡ ಕಂಪನಿಗಳಲ್ಲಿ ಇದ್ದೀರಿ. ನಂದನ್ ಅವರಷ್ಟು ಹಣವಾಗಲಿ ಅಧಿಕಾರವಾಗಲಿ ನಿಮ್ಮಲ್ಲಿ ಇಲ್ಲದಿರಬಹುದು. ನಿಮ್ಮ ವಾರ್ಡಿನ ಸಮಿತಿಯ ಸಭೆ ಎಂದು, ಎಲ್ಲಿ ಎಂದು ಕೇಳಿ ತಿಳಿದು, ಹೋಗಿ ಹಿಂದಿನ ಬೆಂಚಿನಲ್ಲಾದರೂ ಕುಳಿತು ಬನ್ನಿ. ತರಗತಿಯಲ್ಲಿ ಹಿಂದಿನ ಬೆಂಚು ನಿಮ್ಮಲ್ಲಿ ಹಲವರಿಗೆ ಚಿರಪರಿಚಿತವೇ ಅಲ್ಲವೆ!

ಮಾವನವರ ನಮೂನೆಯನ್ನು ಮತ್ತೆ ಮಡಿಸಿ, ಟ್ರಂಕಿನಲ್ಲೇ ಇಟ್ಟಿದ್ದೇನೆ.