ಐವತ್ತು ಸಿಸಿ, ಇನ್ನೂರೈವತ್ತು ವ್ಯಾಟ್

ಪೆಟ್ರೋಲ್ ಮುಗಿದರೆ ಸೈಕಲ್ಲಿನಂತೆ ತುಳಿದುಕೊಂಡು ಮನೆ ಸೇರಬಹುದಾದ ಗಾಡಿಗಳ ಕಾಲವೊಂದಿತ್ತು. ಅವಿಭಜಿತ ಆಂಧ್ರಕ್ಕೆ ಅದು ಊರಿನದೇ ಸರಕು: ಫ್ರಾನ್ಸಿನ ಮೋಟೊಬೆಕಾನ್ ಕಂಪನಿಯ ತಂತ್ರಜ್ಞಾನದ 'ಸುವೇಗಾ' ತಯಾರಾಗುತ್ತಿದ್ದುದು ತಿರುಪತಿಯಲ್ಲಿ. 1972ರಲ್ಲಿ ಪುಣೆಯಿಂದ ಲೂನಾ ಬಂತು. 1980ರಲ್ಲಿ, ತಮಿಳಿನ ಜೊತೆ ಕನ್ನಡ, ತೆಲುಗು ಕೂಡ ಕಿವಿಗೆ ಬೀಳುವ ಹೊಸೂರಿನಿಂದ, ಇಬ್ಬರು ಕೂರಬಹುದಾದ ಟಿವಿಎಸ್ 50 ಹೊರಟಿತು. ಸ್ಕೂಟರಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳಲ್ಲಿ ಮಧ್ಯಮ ವರ್ಗದವರ ಕೈಗೆ ಸಿಕ್ಕ ಎಂಜಿನ್ ಇದೇ.

ಇದು ಸೈಕಲ್ಲೋ, ಮೋಟಾರು ವಾಹನವೋ? 1939ರ ಕಾಯ್ದೆಯ ಜಾಗಕ್ಕೆ 1989ರ ಜುಲೈ 1ರಂದು ಬಂದ 1988ರ ಮೋಟಾರು ವಾಹನ ಕಾಯ್ದೆ ಇದಕ್ಕೆ ಸಿಸಿ ಲೆಕ್ಕದಲ್ಲಿ ಉತ್ತರ ಹೇಳಿತು. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಎಂಜಿನ್ 35 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. 1994ರ ತಿದ್ದುಪಡಿ ಈ ಮಿತಿಯನ್ನು 25ಕ್ಕೆ ಇಳಿಸಿತು. ಹಾಗಾಗಿ 50 ಸಿಸಿಯ ಮೊಪೆಡ್‌ಗೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ಒಂದೇ ಒಂದು ರಿಯಾಯಿತಿ ಇತ್ತು: 50 ಸಿಸಿವರೆಗಿನ ಗಾಡಿಯನ್ನು, ಪೋಷಕರ ಒಪ್ಪಿಗೆಯಿದ್ದರೆ, ಹದಿನಾರು ತುಂಬಿದವರೂ ಓಡಿಸಬಹುದು.

ಆ ರಿಯಾಯಿತಿ ಇಂದಿಗೂ ಪುಸ್ತಕದಲ್ಲಿದೆ. ಗಾಡಿ ಮಾತ್ರ ಅಂಗಡಿಯಲ್ಲಿಲ್ಲ. ಮೊಪೆಡ್ ವಂಶದ ಕೊನೆಯ ಕುಡಿಯೆನ್ನಬಹುದಾದ ಟಿವಿಎಸ್ ಎಕ್ಸ್‌ಎಲ್ 100ರ ಎಂಜಿನ್ ಸುಮಾರು ನೂರು ಸಿಸಿ. ಹದಿನಾರರ ಹುಡುಗ ಲೈಸೆನ್ಸ್ ಪಡೆದು ಹೊರಬಂದರೂ ಮನೆ ಮುಂದೆ ನಿಂತಿರುವ ಸ್ಕೂಟರನ್ನು ಮುಟ್ಟುವಂತಿಲ್ಲ. ಮುಟ್ಟುತ್ತಾನೆ ಎಂಬುದು ಬೇರೆ ಮಾತು. 2018ರಲ್ಲಿ ಹೈದರಾಬಾದಿನ ನ್ಯಾಯಾಲಯಗಳು, ಅಪ್ರಾಪ್ತ ಮಕ್ಕಳ ಕೈಗೆ ಗಾಡಿ ಕೊಟ್ಟ ಹಲವು ಪೋಷಕರನ್ನು ಜೈಲಿಗೇ ಕಳಿಸಿ ದೇಶದ ಗಮನ ಸೆಳೆದವು. ಮರುವರ್ಷದ ಕೇಂದ್ರ ತಿದ್ದುಪಡಿ ಇನ್ನೂ ಬಿಗಿಯಾಯಿತು: ಇಂಥ ಪ್ರಕರಣದಲ್ಲಿ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ; ಮಕ್ಕಳಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಆದರೆ ಅದೇ ತಿದ್ದುಪಡಿ ಏರಿಸಿದ್ದ ದಂಡದ ದರಗಳನ್ನು ತೆಲಂಗಾಣ ಒಪ್ಪಲಿಲ್ಲ. ಜನರ ಮೇಲೆ ಆ ಹೊರೆ ಹಾಕುವುದಿಲ್ಲವೆಂದು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ 2019ರ ಸೆಪ್ಟೆಂಬರಿನಲ್ಲಿ ವಿಧಾನಸಭೆಯಲ್ಲೇ ಹೇಳಿದರು.

ಅಷ್ಟರಲ್ಲಿ ಎಂಜಿನ್ ಇಲ್ಲದ ಮೊಪೆಡ್ ಬಂದಿತ್ತು. ಬ್ಯಾಟರಿ ಗಾಡಿಗೆ ಸಿಸಿ ಎಲ್ಲಿಂದ ಬರಬೇಕು? ಕೇಂದ್ರ ಮೋಟಾರು ವಾಹನ ನಿಯಮಗಳು ಅಳತೆಗೋಲನ್ನೇ ಬದಲಿಸಿದವು. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದು, ಬ್ರೇಕು, ಪ್ರತಿಫಲಕಗಳು ಸರಿಯಿದ್ದರೆ ಅದು ಮೋಟಾರು ವಾಹನವಲ್ಲ. ಯುರೋಪಿನಲ್ಲೂ ವಿದ್ಯುತ್ ಸೈಕಲ್ಲಿಗೆ 250 ವ್ಯಾಟ್, 25 ಕಿ.ಮೀ. ಎಂಬುದೇ ಗೆರೆ, ಆದರೆ ಅಲ್ಲಿ ಪೆಡಲ್ ತುಳಿಯಬೇಕು. ನಮ್ಮಲ್ಲಿ ಆ್ಯಕ್ಸಿಲರೇಟರ್ ತಿರುವಿದರೂ ಸಾಕು.

ಹೈದರಾಬಾದಿನಲ್ಲಿ ಇದರ ಪರಿಣಾಮ ಸ್ವಾರಸ್ಯದ್ದು. ಇಲ್ಲಿನ ಸಂಚಾರ ಪೊಲೀಸರ ದೊಡ್ಡ ಅಸ್ತ್ರ ಇ-ಚಲನ್. ಬಾಕಿ ಚಲನ್‌ಗಳ ರಾಶಿ ಎಷ್ಟು ಬೆಳೆಯಿತೆಂದರೆ, ದ್ವಿಚಕ್ರದವರಿಗೆ 2022ರಲ್ಲಿ ಶೇ. 75, 2023ರ ಡಿಸೆಂಬರಿನಲ್ಲಿ ಶೇ. 80 ರಿಯಾಯಿತಿ ಕೊಟ್ಟು ವಸೂಲಿ ಮಾಡಬೇಕಾಯಿತು. ಆದರೆ ಕ್ಯಾಮೆರಾ ಹುಡುಕುವುದು ನಂಬರ್ ಪ್ಲೇಟನ್ನು. ಪ್ಲೇಟೇ ಇಲ್ಲದ ಗಾಡಿ ಸಿಗ್ನಲ್ ಹಾರಿದರೆ ಚಲನ್ ಯಾರ ಹೆಸರಿಗೆ? ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಮು ಕೂಡ ಮೋಟಾರ್ ಸೈಕಲ್ಲಿಗೆ ಮಾತ್ರ ಅನ್ವಯ. ತಲೆ ಒಡೆಯಲು 25 ಕಿ.ಮೀ. ವೇಗ ಧಾರಾಳ ಸಾಕು. ಈ ವಿನಾಯಿತಿ ಅತಿಯಾಯಿತು.

ಇನ್ನೊಂದು ಗೊಂದಲ ತೆರಿಗೆಯದು. 2020ರ ತೆಲಂಗಾಣ ವಿದ್ಯುತ್ ವಾಹನ ನೀತಿ ಮೊದಲ ಎರಡು ಲಕ್ಷ ದ್ವಿಚಕ್ರಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಮನ್ನಾ ಮಾಡಿತು. 2024ರ ನವೆಂಬರಿನ ಆದೇಶ ಆ ಸಂಖ್ಯಾಮಿತಿ ತೆಗೆದು ಅವಧಿಯನ್ನು 2026ರ ಡಿಸೆಂಬರ್ 31ರವರೆಗೆ ಇಟ್ಟಿತು. ಮನ್ನಾ ಆದದ್ದು ಹಣ, ನೋಂದಣಿಯಲ್ಲ. ವೇಗದ ಇ-ಸ್ಕೂಟರಿಗೆ ಹಸಿರು ಪ್ಲೇಟು, 2024ರ ಮಾರ್ಚಿನಿಂದ 'ಟಿಜಿ' ಅಕ್ಷರ, ಲೈಸೆನ್ಸ್, ವಿಮೆ ಎಲ್ಲವೂ ಬೇಕೇ ಬೇಕು.

ಲೈಸೆನ್ಸ್ ಬೇಡವೆಂಬ ಮಾತು ನಂಬಿ ಬ್ಯಾಟರಿ ಗಾಡಿ ಕೊಳ್ಳುವವರು ಪರೀಕ್ಷಾ ಸಂಸ್ಥೆಯ ಅನುಮೋದನಾ ಪತ್ರವನ್ನು ಅಂಗಡಿಯಲ್ಲೇ ಕೇಳಿ ನೋಡಲಿ. ಆಮೇಲೆ ಮೆಕ್ಯಾನಿಕ್ ಬಳಿ ವೇಗದ ಮಿತಿ ತೆಗೆಸಿದರೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರ ಕಟ್ಟಬೇಕಾದವರು ಮಾಲೀಕರೇ.