ನೆಲಬಾಂಬ್ ನಿರೋಧಕ ವಾಹನಗಳು: ಸಾರ್ವಜನಿಕ ಮಾಹಿತಿ

ಹೂತಿಟ್ಟ ಸ್ಫೋಟಕಗಳಿಂದ ಯೋಧರನ್ನು ರಕ್ಷಿಸಲು ರೂಪಿಸಲಾದ ಕವಚವುಳ್ಳ ವಾಹನವನ್ನು ನೆಲಬಾಂಬ್ ನಿರೋಧಕ ವಾಹನವೆಂದು ಕರೆಯಲಾಗುತ್ತದೆ. ಕಂದಿಕೆರೆ ಹೋಬಳಿಯ ಯೋಧರ ಕುಟುಂಬಗಳ ತಿಳಿವಳಿಕೆಗಾಗಿ ಇದರ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ವಿನ್ಯಾಸ: ವಾಹನದ ತಳಭಾಗವು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿದ್ದು, ಸ್ಫೋಟದ ಒತ್ತಡವನ್ನು ಎರಡೂ ಬದಿಗಳಿಗೆ ಸರಿಸುತ್ತದೆ. ತಳವು ನೆಲದಿಂದ ಎತ್ತರದಲ್ಲಿರುವುದರಿಂದ ಒಳಗಿನವರಿಗೆ ತಗಲುವ ಆಘಾತವು ತಗ್ಗುತ್ತದೆ. ವಾಹನವು ಮೇಲಕ್ಕೆ ಚಿಮ್ಮುವ ಸಂಭವವಿರುವುದರಿಂದ ಸೀಟ್ ಬೆಲ್ಟ್ ಧರಿಸುವುದು ಅತ್ಯಗತ್ಯ.

ಸಾಮರ್ಥ್ಯ: ದಕ್ಷಿಣ ಆಫ್ರಿಕಾದ ‘ಕ್ಯಾಸ್ಪಿರ್’ ಈ ಬಗೆಯ ಮೊದಲ ಪ್ರಸಿದ್ಧ ವಾಹನಗಳಲ್ಲೊಂದು. ಭಾರತದಲ್ಲಿ ಮೇದಕ್ ಕಾರ್ಖಾನೆಯು ‘ಆದಿತ್ಯ’ ವಾಹನವನ್ನು ತಯಾರಿಸಿದೆ. ನ್ಯಾಟೋ ಮಾನದಂಡದ 4ನೇ ಹಂತದ ವಾಹನವು 10 ಕಿ.ಗ್ರಾಂ. ಸ್ಫೋಟಕವುಳ್ಳ ಟ್ಯಾಂಕ್ ನಿರೋಧಕ ನೆಲಬಾಂಬನ್ನು ತಾಳಿಕೊಳ್ಳತಕ್ಕದ್ದು.

ಮಿತಿ: ಸ್ಫೋಟಕದ ಪ್ರಮಾಣವು ನಿಗದಿತ ಮಿತಿಯನ್ನು ಮೀರಿದಲ್ಲಿ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ದಿನಾಂಕ 13-03-2018ರಂದು ಛತ್ತೀಸಗಢದ ಸುಕ್ಮಾ ಜಿಲ್ಲೆಯಲ್ಲಿ ಇಂತಹ ವಾಹನವು ಸ್ಫೋಟಕ್ಕೀಡಾಗಿ ಸಿಆರ್‌ಪಿಎಫ್‌ನ 9 ಸಿಬ್ಬಂದಿ ಹುತಾತ್ಮರಾದರು. ಅವರಲ್ಲಿ ಒಬ್ಬರು ನೆರೆಯ ಹಾಸನ ಜಿಲ್ಲೆಯವರು.

ಅರ್ಜಿದಾರರ ಗಮನಕ್ಕೆ: ಸೇನೆಯಲ್ಲಿದ್ದು ಮೃತರಾದವರ ಅವಲಂಬಿತರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ಸಂಪರ್ಕಿಸತಕ್ಕದ್ದು. ಸಿಆರ್‌ಪಿಎಫ್ ಮುಂತಾದ ಪಡೆಗಳು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವುದರಿಂದ, ಅವುಗಳ ಸಿಬ್ಬಂದಿಯ ಅವಲಂಬಿತರು ಆಯಾ ಪಡೆಯ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರವನ್ನು ಹೋಬಳಿಯ ನಾಡಕಚೇರಿಯಲ್ಲಿ ಪಡೆಯಬಹುದು. ಇದಕ್ಕಾಗಿ ಮಧ್ಯವರ್ತಿಗಳ ನೆರವು ಅಗತ್ಯವಿಲ್ಲ.