ರುಚಿ ನೋಡೋ ಕಟ್ಟೆ ಹುಟ್ಟಿದ್ದು ರೈತನ ಬಾಗಿಲಲ್ಲಿ

ತೋಟದ ಕೆಲಸದಲ್ಲಿ ಮೂರು ವಾರ ಏನೂ ಬರೆಯೋಕೆ ಆಗಿರಲಿಲ್ಲ. ಇವತ್ತಿನದು ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಹೋದ ಶನಿವಾರ ಮಗ, ಸೊಸೆ ಬೆಂಗಳೂರಿಂದ ಬಂದಿದ್ರು. "ಅಪ್ಪ, ನಂದಿ ಬೆಟ್ಟದ ಸುತ್ತ ಎರಡು ಸಣ್ಣ ವೈನರಿ ಇವೆ, ನೋಡ್ಕೊಂಡು ಬರೋಣ ಬಾ" ಅಂದ್ರು. ಇಪ್ಪತ್ತೈದು ವರ್ಷದಿಂದ ದ್ರಾಕ್ಷಿ ಬೆಳೀತಿದೀನಿ, ವೈನರಿ ಗೇಟಿನ ಒಳಗೆ ಒಂದು ದಿನ ಕಾಲಿಟ್ಟಿರಲಿಲ್ಲ. ಹೋಗೋಕೆ ಇನ್ನೊಂದು ಕಾರಣನೂ ಇತ್ತು. ಎರಡೆಕರೆ ಬೆಂಗಳೂರು ನೀಲಿ ಕಿತ್ತು ಹಾಕಿ ವೈನ್ ತಳಿ ಕೂರಿಸಿ, ಹಣ್ಣು ನಾವೇ ತಗೋತೀವಿ ಅಂತ ಒಂದು ಕಂಪನಿಯವರು ಎರಡು ತಿಂಗಳಿಂದ ಹಿಂದೆ ಬಿದ್ದಿದ್ದಾರೆ. ಅಗ್ರಿಮೆಂಟ್ ಪೇಪರ್ ಮನೇಲೇ ಇದೆ. ಸಹಿ ಹಾಕಿರಲಿಲ್ಲ.

ವೈನರೀಲಿ ಒಂದು ಉದ್ದನೆ ಮರದ ಕಟ್ಟೆ. ಅದರ ಹಿಂದೆ ನಿಂತ ಹುಡುಗ ನಾಲ್ಕು ಗ್ಲಾಸಿಗೆ ಒಂದೊಂದು ಗುಟುಕು ಹಾಕಿಕೊಟ್ಟ. ಮೊದಲು ಬಣ್ಣ ನೋಡಿ, ಗ್ಲಾಸ್ ತಿರುಗಿಸಿ, ಮೂಸಿ, ಆಮೇಲೆ ಬಾಯಲ್ಲಿ ಇಟ್ಕೊಳ್ಳಿ ಅಂದ. ಬಿಳಿ ವೈನು ನಿಂಬೆಹಣ್ಣಿನ ಹುಳಿ. ಶಿರಾಜ್ ಅನ್ನೋ ಕೆಂಪು ವೈನು ಬಾಯಿಗೆ ಹಾಕಿದ್ರೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಒಗರು ಹಿಡೀತು. ಆ ಒಗರು ಸಿಪ್ಪೆ, ಬೀಜದಿಂದ ಬರುತ್ತಂತೆ. ಬೀಜ ಹಸಿರಿದ್ದಾಗ ಕೊಯ್ದರೆ ಕಹಿ, ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದರೆ ಹದ. ಅದನ್ನ ಕೇಳಿ ಖುಷಿಯಾಯ್ತು, ನಾವೂ ಬೀಜ ಕಡಿದೇ ನೋಡೋದು ತಾನೇ.

ತಲೆಗೆ ಕೊಟ್ಟ ಟಿಕೆಟ್ ದುಡ್ಡು ಮಾತ್ರ ನಾವು ಒಂದು ಕ್ರೇಟ್ ಹಣ್ಣಿಗೆ ತಗೊಳ್ಳೋ ದುಡ್ಡಿಗೆ ಹತ್ತಿರ ಇತ್ತು. 750 ಮಿಲೀ ಬಾಟಲಿಗೆ ಹಿಡಿಯೋದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ದ್ರಾಕ್ಷಿ. ಹಾಗಾದ್ರೆ ಲಾಭ ಇರೋದು ಹಣ್ಣಲ್ಲೋ, ಈ ಕಟ್ಟೆ ಮೇಲೋ ಅಂತ ತಲೇಲಿ ಹುಳ ಬಿಟ್ಕೊಂಡೆ. ಮನೆಗೆ ಬಂದು ಈ ಕಟ್ಟೆ ಎಲ್ಲಿಂದ ಬಂತು ಅಂತ ಓದೋಕೆ ಕೂತೆ.

ಆಸ್ಟ್ರಿಯಾ ದೇಶದ ಕಥೆ ಮೊದಲು. ಅಲ್ಲೊಬ್ಬ ಜಹಗೀರುದಾರ ತನ್ನ ಸೀಮೆಯ ಅಂಗಡಿಗಳಲ್ಲಿ ತನ್ನ ವೈನನ್ನೇ ಮಾರಬೇಕು ಅಂತ ಕಟ್ಟು ಹಾಕಿದ್ದನಂತೆ. ದೂರು ರಾಜಧಾನಿಗೆ ಹೋಯಿತು. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಒಂದು ಆಜ್ಞೆ ಹೊರಡಿಸಿದ: ರೈತ ತಾನು ಬೆಳೆದದ್ದನ್ನು, ತಾನು ಮಾಡಿದ ವೈನನ್ನು, ತನ್ನ ಮನೆಯಲ್ಲೇ, ತಾನು ಹೇಳಿದ ರೇಟಿಗೆ ಮಾರಬಹುದು. ವಿಯೆನ್ನಾ ಸುತ್ತಮುತ್ತ ರೈತರು ಅಂಗಳದಲ್ಲಿ ಬೆಂಚು ಹಾಕಿದರು. ಹೊಸ ವೈನು ಬಂದಿದೆ ಅಂತ ತಿಳಿಸೋಕೆ ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದರು. ಕೊಂಬೆ ಇದ್ರೆ ಒಳಗೆ ಬನ್ನಿ, ಇಲ್ಲದಿದ್ರೆ ಖಾಲಿ. ಇವತ್ತಿಗೂ ಅಲ್ಲಿ ಅದೇ ಪದ್ಧತಿ. ಅಂದ್ರೆ ಪಟ್ಟಣದವರು ರಜಾ ದಿನ ಹೊರಟು ತೋಟದಲ್ಲಿ ಕೂತು ವೈನ್ ಕುಡಿಯೋ ಆ ಅಭ್ಯಾಸಕ್ಕೆ ದಾರಿ ಮಾಡಿದ್ದು ರೈತನಿಗೆ ಸಿಕ್ಕ ಮಾರೋ ಹಕ್ಕು.

ಜರ್ಮನಿಯ ಆರ್ ನದಿ ಕಣಿವೆಯಲ್ಲಿ ಮಾಯ್ಷೋಸ್ ಅನ್ನೋ ಊರಿದೆ. ಅಲ್ಲಿನ ಬೆಳೆಗಾರರು 1868ರಲ್ಲಿ ಒಂದಾಗಿ ಸಹಕಾರ ಸಂಘ ಮಾಡಿಕೊಂಡರು. ಒಬ್ಬೊಬ್ಬರೇ ವ್ಯಾಪಾರಿ ಮುಂದೆ ನಿಂತ್ರೆ ಅವನು ಹೇಳಿದ್ದೇ ರೇಟು. ಸೇರಿ ಹಿಂಡಿ, ಸೇರಿ ಮಾರಿದ್ರೆ ಮಾತಿಗೆ ಬೆಲೆ. ನಮ್ಮ ಹಾಲಿನ ಡೇರಿ ಲೆಕ್ಕವೇ.

ಅದೇ ದೇಶದಲ್ಲಿ ಇನ್ನೊಂದು ಸಂಗತಿ. 1934 ಮತ್ತು 1935ರಲ್ಲಿ ಪಲಾಟಿನೇಟ್ ಸೀಮೆಯಲ್ಲಿ ಬೆಳೆ ವಿಪರೀತ ಬಂದು ರೇಟು ಬಿತ್ತು. ಅಲ್ಲಿನ ವೈನ್ ವ್ಯಾಪಾರದಲ್ಲಿ ಯಹೂದಿಗಳು ಬಹಳ ಜನ ಇದ್ದರು, ನಾಜಿ ಸರ್ಕಾರ ಅವರನ್ನ ಮಾರುಕಟ್ಟೆಯಿಂದ ಹೊರಗೆ ಹಾಕುತ್ತಿತ್ತು. ಕೊಳ್ಳೋರಿಲ್ಲ, ಪೀಪಾಯಿ ತುಂಬಿವೆ. ಆಗ ಸುಮಾರು 85 ಕಿ.ಮೀ. ರಸ್ತೆಗೆ 'ಜರ್ಮನ್ ವೈನ್ ರಸ್ತೆ' ಅಂತ ಹೆಸರಿಟ್ಟು 1935ರಲ್ಲಿ ಉದ್ಘಾಟನೆ ಮಾಡಿದರು. ಜನ ಬರಲಿ, ಊರೂರಲ್ಲಿ ನಿಂತು ಕುಡಿಯಲಿ, ಕೊಳ್ಳಲಿ ಅಂತ. ಮಾಡಿದವರು ಒಳ್ಳೆಯವರಲ್ಲ, ಆದ್ರೆ ಮಾರಾಟವಾಗದ ಬೆಳೆಯಿಂದ ವೈನ್ ಪ್ರವಾಸ ಹುಟ್ಟಿತು ಅನ್ನೋದು ಗಮನಿಸಿ.

ಈಗ ನಮ್ಮ ಕಡೆಗೆ ಬರೋಣ. 1988ರಲ್ಲಿ ಕನ್ವಲ್ ಗ್ರೋವರ್ ಅನ್ನೋರು ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಲ್ಲಿ ಫ್ರಾನ್ಸ್ ತಳಿ ನೆಟ್ಟರು. ನಾಸಿಕ್‌ನಲ್ಲಿ ರಾಜೀವ್ ಸಾಮಂತ್ 1997ರಲ್ಲಿ ಸುಲಾ ತೋಟ ಶುರು ಮಾಡಿ, 2005ರಲ್ಲಿ ತೋಟದಲ್ಲೇ ಟೇಸ್ಟಿಂಗ್ ರೂಮ್ ತೆರೆದರು. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ರಿಯಾಯಿತಿ ಕೊಟ್ಟಿತು. ನಮ್ಮ ರಾಜ್ಯದ ವೈನ್ ನೀತಿ 2007ರಲ್ಲಿ ಬಂತು, ಜೊತೆಗೆ ವೈನ್ ಬೋರ್ಡ್. ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ವಲಯಗಳ ಮಾತು ಬಂತು.

ನಾಸಿಕ್‌ನಲ್ಲಿ ರೈತರು ಒಪ್ಪಂದ ಮಾಡ್ಕೊಂಡು ತಿನ್ನೋ ದ್ರಾಕ್ಷಿ ಜಾಗಕ್ಕೆ ವೈನ್ ತಳಿ ಹಾಕಿದರು. 2008ರಲ್ಲಿ ಜಗತ್ತಿನ ತುಂಬ ಆರ್ಥಿಕ ಹಿಂಜರಿತ, ಅದೇ ನವೆಂಬರಲ್ಲಿ ಮುಂಬೈ ದಾಳಿ. ಪ್ರವಾಸಿಗರು ಕಡಿಮೆಯಾದರು, ಹೋಟೆಲಲ್ಲಿ ವೈನ್ ಓಡಲಿಲ್ಲ. ವೈನರಿಗಳ ಟ್ಯಾಂಕಲ್ಲಿ ಹಳೇ ವೈನೇ ತುಂಬಿತ್ತು, ಮುಂದಿನ ಬೆಳೆ ಎತ್ತೋರೇ ಇಲ್ಲ. ಎಷ್ಟೋ ರೈತರು ಬಳ್ಳಿ ಕಿತ್ತು ಮತ್ತೆ ತಿನ್ನೋ ದ್ರಾಕ್ಷಿಗೆ ಹೋದರು. ಥಾಮ್ಸನ್ ಬೆಳೆದವನು ಮಾರ್ಕೆಟ್ ಬಿದ್ದರೆ ಒಣದ್ರಾಕ್ಷಿನಾದ್ರೂ ಮಾಡ್ತಾನೆ. ವೈನ್ ತಳಿ ಸಣ್ಣ ಕಾಯಿ, ದಪ್ಪ ಸಿಪ್ಪೆ, ತುಂಬ ಬೀಜ. ತಳ್ಳುಗಾಡೀಲಿ ಇಟ್ರೆ ಯಾರು ತಗೋತಾರೆ? ಅದಕ್ಕೆ ಇರೋದು ಒಬ್ಬನೇ ಗಿರಾಕಿ.

ಆಸ್ಟ್ರಿಯಾ ರೈತನಿಗೂ ನಮಗೂ ಇರೋ ವ್ಯತ್ಯಾಸ ಇಷ್ಟೇ. ಅವನಿಗೆ ಬಳ್ಳಿನೂ ಅವನದೇ, ಕಟ್ಟೆನೂ ಅವನದೇ. ನಾವು ಲೈಸೆನ್ಸ್ ಇಲ್ಲದೆ ಮನೇಲಿ ಮಾಡಿ ಮಾರಿದ್ರೆ ಅಬಕಾರಿ ಕೇಸು. ಕಟ್ಟೆ ಇನ್ನೊಬ್ಬರದು, ಬಳ್ಳಿ ಮಾತ್ರ ನಮ್ಮದು, ನಷ್ಟನೂ ನಮ್ಮದು.

ರಾತ್ರಿ ಕೂತು ಅಗ್ರಿಮೆಂಟ್ ಮತ್ತೆ ಓದಿದೆ. "ಕಂಪನಿಯ ಅಗತ್ಯಕ್ಕೆ ತಕ್ಕಂತೆ ಖರೀದಿಸಲಾಗುವುದು" ಅಂತ ಒಂದು ಸಾಲು. ಮೊದಲ ಸಲ ಓದಿದಾಗ ಕಣ್ಣಿಗೇ ಬಿದ್ದಿರಲಿಲ್ಲ. ಅಗತ್ಯ ಇಲ್ಲ ಅಂದ ವರ್ಷ ಏನು ಗತಿ? ಬಳ್ಳಿ ಫಸಲಿಗೆ ಬರೋ ತನಕ ಖರ್ಚು ಯಾರದು? ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು ಸಕ್ಕರೆ ಅಂಶ ಕಡಿಮೆ ಬಂದ್ರೆ ಅಳೆಯೋರು ಯಾರು, ಎಲ್ಲಿ ಅಳೀತಾರೆ, ನಾನು ಪಕ್ಕದಲ್ಲಿ ಇರಬಹುದಾ? ಒಂದಕ್ಕೂ ಉತ್ತರ ಇಲ್ಲ. ಫೋನ್ ಮಾಡಿ ಕೇಳಿದೆ. "ಅದೆಲ್ಲ ಆಮೇಲೆ ನೋಡೋಣ ಬಿಡಿ" ಅಂದ್ರು.

ಹಾಗಾಗಿ ಸಹಿ ಹಾಕಲಿಲ್ಲ. ವೈನ್ ತಳಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕನಿಷ್ಠ ರೇಟು, ಎತ್ತದಿದ್ರೆ ಪರಿಹಾರ ಎರಡನ್ನೂ ಬರೆದುಕೊಟ್ರೆ ಅರ್ಧ ಎಕರೆ ಹಾಕಿ ನೋಡೋಕೆ ನಾನು ತಯಾರು. ಆದ್ರೆ ಬೆಂಗಳೂರು ನೀಲಿ ಕೀಳಲ್ಲ. ಅದಕ್ಕೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತೆ, ರೋಗನೂ ಬೇರೆ ತಳಿಗಿಂತ ಕಡಿಮೆ. ಜ್ಯೂಸಿನವರು, ಸಿಹಿ ವೈನ್ ಮಾಡೋರು, ಮಾರ್ಕೆಟಿನವರು, ತಳ್ಳುಗಾಡಿಯವರು, ಒಬ್ಬರಲ್ಲ ಒಬ್ಬರು ಬರ್ತಾರೆ.

ಇದೇ ಅಗ್ರಿಮೆಂಟ್ ನಮ್ಮ ಹೋಬಳೀಲಿ ಇನ್ನೂ ನಾಲ್ಕೈದು ಜನಕ್ಕೆ ಬಂದಿದೆ ಅಂತ ಕೇಳಿದೀನಿ. ಯಾರೂ ಒಬ್ಬೊಬ್ಬರೇ ಸಹಿ ಹಾಕಬೇಡಿ ಅಣ್ಣಂದಿರೆ. ಮುಂದಿನ ಭಾನುವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ ಡೇರಿ ಹತ್ರ ಕೂರೋಣ. ನಿಮ್ಮ ನಿಮ್ಮ ಪೇಪರ್ ತಗೊಂಡು ಬನ್ನಿ. ಹಿಂದೆ ವೈನ್ ತಳಿ ಹಾಕಿ ತೆಗೆದವರಿದ್ರೆ ಅವರಂತೂ ಖಂಡಿತ ಬರಬೇಕು.